ಅಗ್ನೇಸಮ್ಮನ ಹೆಸರು ತಿಂದ ಪತಂಗ

ಬಹಳ ಹಿಂದೆ, ಇಗರ್ಜಿಯ ಗಂಟೆ ಎಷ್ಟು ದೂರ ಕೇಳುತ್ತದೋ ಅಷ್ಟೇ ಅಗಲದ ಒಂದು ರಾಜ್ಯವಿತ್ತು. ಅಲ್ಲಿ ಸತ್ತವರು ಒಂದು ಮಂಜಿನ ಸೇತುವೆಯನ್ನು ದಾಟಬೇಕಾಗಿತ್ತು. ಬೆಳಗಿನ ಪೂಜೆಯಲ್ಲಿ ಗುರುಗಳು ಒಂದು ಸಲ ಹೆಸರು ಕರೆದರೆ ಒಂದು ಹೆಜ್ಜೆ. ಕರೆಯದಿದ್ದರೆ ನಿಂತಲ್ಲೇ ನಿಲ್ಲಬೇಕು. ಆದ್ದರಿಂದ ಆ ರಾಜ್ಯದ ಜನ ತಮ್ಮವರು ಸತ್ತಾಗ ಇಗರ್ಜಿಗೆ ದತ್ತಿ ಬಿಡುತ್ತಿದ್ದರು. ಒಬ್ಬರು ಗದ್ದೆ, ಒಬ್ಬರು ಬಾವಿ, ಒಬ್ಬರು ಹಣ್ಣಿನ ಮರ. ಗುರುಗಳ ದೊಡ್ಡ ಪುಸ್ತಕದಲ್ಲಿ ಆ ಹೆಸರು ಸೇರುತ್ತಿತ್ತು.

ರಾಜನ ಜೇನುಗಾರ ಇನ್ನಾಸಪ್ಪ ತನ್ನ ಮೊದಲ ಹೆಂಡತಿ ಅಗ್ನೇಸಮ್ಮ ಸತ್ತಾಗ ನಲವತ್ತು ಗೂಡುಗಳ ಜೇನುತೋಪನ್ನೇ ದತ್ತಿ ಬಿಟ್ಟ. ತೋಪಿನ ಮೇಣದ ಬತ್ತಿ ಉರಿಯುವಾಗ ದಿನವೂ ಅವಳ ಹೆಸರು ಕರೆಯಬೇಕು, ಅಷ್ಟೇ ಕರಾರು.

ಆಮೇಲೆ ಅವನು ತೆಕ್ಲಮ್ಮನನ್ನು ಮದುವೆಯಾದ. ತೆಕ್ಲಮ್ಮ ಬರಿಗೈಯಲ್ಲಿ ಆ ಊರಿಗೆ ಬಂದವಳು. ಇಗರ್ಜಿಗೆ ಕಲ್ಲು ಹೊತ್ತವಳು. ಅಕ್ಷರವನ್ನು ಯಾರೂ ಕಲಿಸಲಿಲ್ಲ. ಸಮಾಧಿಕಲ್ಲುಗಳ ಮೇಲೆ ಬೆರಳಾಡಿಸಿ ತಾನೇ ಕಲಿತವಳು. ಈಗ ಗೂಡಿಗೆ ಹೊಗೆ ಹಾಕುವವಳು ಅವಳು, ಮೇಣ ಕಾಯಿಸುವವಳು ಅವಳು, ಬತ್ತಿ ಎರೆದು ಕೈ ಸುಟ್ಟುಕೊಳ್ಳುವವಳು ಅವಳು. ಬೆಳಗಾದರೆ ಕೇಳುವುದು ಮಾತ್ರ, “ಅಗ್ನೇಸಮ್ಮನ ಆತ್ಮಕ್ಕಾಗಿ.”

“ಬೊಬ್ಬೆ ಎದ್ದದ್ದು ನನ್ನ ಕೈಗೆ. ಹೆಸರು ಅವಳದ್ದು,” ಅಂದಳು ಒಂದು ದಿನ.

“ಸತ್ತವಳ ಮೇಲೆ ಹೊಟ್ಟೆಕಿಚ್ಚೇನೇ?” ಅಂದ ಇನ್ನಾಸಪ್ಪ.

“ಬದುಕಿದ್ದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಸತ್ತವಳ ಹತ್ತಿರ ಹೇಗೆ ಗೆಲ್ಲಲಿ?”

ಅವನು ನಕ್ಕು ತೋಪಿಗೆ ಹೋದ. ಆ ನಗುವೇ ಅವಳನ್ನು ಸುಟ್ಟಿತು.

ಬೆಟ್ಟದ ಗವಿಯಲ್ಲಿ ಹೆಸರುನುಂಗ ಎಂಬ ಮಾಂತ್ರಿಕನಿದ್ದ. ತೆಕ್ಲಮ್ಮ ಅವನ ಮುಂದೆ ನಿಂತಳು. ಅವನು ಬೂದಿಬಣ್ಣದ ಪತಂಗವೊಂದನ್ನು ಕೊಟ್ಟ. “ಇದನ್ನು ಪುಸ್ತಕದ ಮೇಲೆ ಬಿಡು. ಅವಳ ಹೆಸರು ತಿಂದು ನನ್ನ ಬಳಿಗೆ ಬರುತ್ತದೆ. ಖಾಲಿಯಾದ ಜಾಗ ನಿನ್ನದು.”

“ಬದಲಿಗೆ ಏನು ಕೊಡಲಿ?”

“ಏನೂ ಬೇಡ ತಾಯಿ. ತಿಂದ ಹೆಸರೇ ನನಗೆ ಊಟ.”

ಆ ರಾತ್ರಿ ಇಗರ್ಜಿಯ ಪುಸ್ತಕದ ಮೇಲೆ ಬಿಟ್ಟ ಪತಂಗ ಹೆಸರು ತಿಂದಿತು. ಆ ಜಾಗದಲ್ಲಿ ತೆಕ್ಲಮ್ಮ ಸಮಾಧಿಕಲ್ಲಿನಂಥ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಅದು ಸತ್ತವರ ಪುಸ್ತಕ ಎಂಬುದನ್ನು ಅವಳ ಹೊಟ್ಟೆಕಿಚ್ಚು ಮರೆಸಿತ್ತು. ಮಬ್ಬುಗಣ್ಣಿನ ಗುರುಗಳು ಪುಸ್ತಕದಲ್ಲಿದ್ದದ್ದನ್ನು ಓದಿದರು.

ಮೊದಲ ಬೆಳಗು, “ತೆಕ್ಲಮ್ಮನ ಆತ್ಮಕ್ಕಾಗಿ.” ಅವಳ ಎದೆ ಉಬ್ಬಿತು. ಹೊರಗೆ ಬಂದರೆ ಅವಳಿಗೆ ನೆರಳಿರಲಿಲ್ಲ.

ಎರಡನೆಯ ಬೆಳಗು, “ತೆಕ್ಲಮ್ಮನ ಆತ್ಮಕ್ಕಾಗಿ.” ಜೇನುಹುಳುಗಳು ಅವಳ ಕೈಯನ್ನು ತೂರಿಕೊಂಡೇ ಹಾರಿಹೋದವು.

ಮೂರನೆಯ ಬೆಳಗು, “ತೆಕ್ಲಮ್ಮನ ಆತ್ಮಕ್ಕಾಗಿ.” ಇನ್ನಾಸಪ್ಪ ಒಂದೇ ತಟ್ಟೆ ಹಾಕಿಕೊಂಡ. ಉಣ್ಣಲಾಗದೆ ಎದ್ದು ಹೋಗಿ ಗೂಡುಗಳ ಮುಂದೆ ಕೂತ. “ಕೇಳಿರಪ್ಪಾ, ನಿಮ್ಮ ತೆಕ್ಲ ಹೋದಳು,” ಎಂದು ಅತ್ತ. ಪಕ್ಕದಲ್ಲೇ ನಿಂತ ತೆಕ್ಲಮ್ಮ ಕೂಗಿದಳು, ಅವನಿಗೆ ಕೇಳಲಿಲ್ಲ. ಅಷ್ಟರಲ್ಲೂ ಅವಳಿಗೆ ಒಂದೇ ಯೋಚನೆ. ಅಗ್ನೇಸಮ್ಮನಿಗೂ ಇಷ್ಟೇ ಅತ್ತಿದ್ದನೋ, ಇನ್ನೂ ಹೆಚ್ಚೋ?

ಹಾಗೆಂದುಕೊಳ್ಳುವಷ್ಟರಲ್ಲಿ ಕಾಲ ಕೆಳಗೆ ಮಂಜು. ಅಗ್ನೇಸಮ್ಮನ ಜಾಗ ಕದ್ದವಳು ಸೇತುವೆಯ ಮೇಲೂ ಅವಳ ಜಾಗಕ್ಕೇ ಬಂದು ನಿಂತಿದ್ದಳು. ಪಕ್ಕದಲ್ಲಿ ಹಲ್ಲುಸಂದಿಯ ಒಬ್ಬ ಗಿಡ್ಡ ಹೆಂಗಸು.

“ನೀನೇ ಏನು ಅವಳು? ಚೆಲುವೆ ಅಂದುಕೊಂಡಿದ್ದೆ,” ಅಂದಳು ತೆಕ್ಲಮ್ಮ.

“ನಾನೂ ನಿನ್ನನ್ನು ಚೆಲುವೆ ಅಂತಲೇ ಅಂದುಕೊಂಡಿದ್ದೆ. ಎಷ್ಟು ಸಂಕಟಪಟ್ಟೆ ಗೊತ್ತಾ? ನನ್ನದು ದಿನಕ್ಕೊಂದು ಕೂಗು. ನಿನಗೆ ಅವನ ಪಕ್ಕದ ತಟ್ಟೆ.”

ತೆಕ್ಲಮ್ಮ ಕೇಳಿದಳು, “ನಿನಗೆ ಇನ್ನೆಷ್ಟು ಹೆಜ್ಜೆ ಉಳಿದಿತ್ತು?”

“ಒಂದೇ.”

ಒಂದೇ ಒಂದು ಬೆಳಗು ತಡೆದುಕೊಂಡಿದ್ದರೆ ಸವತಿ ತಾನಾಗಿಯೇ ದಾಟಿ ಹೋಗುತ್ತಿದ್ದಳು.

“ಹೆಸರಿಲ್ಲದ ನನ್ನ ಕಾಲು ಅಂಟಿಕೊಂಡಿದೆ. ನಿನಗೆ ಹೆಸರಿದೆ, ಹಿಂದಕ್ಕೆ ಓಡು. ನಾಳೆ ಗುರುಗಳು ಕರೆದರೆ ನೀನು ಆಚೆ ದಡ. ಮತ್ತೆ ತಟ್ಟೆಯೂ ಇಲ್ಲ, ಗಂಡನೂ ಇಲ್ಲ,” ಅಂದಳು ಅಗ್ನೇಸಮ್ಮ. “ಇಲ್ಲಿ ಹೆಸರು ಕಳೆದುಕೊಂಡು ನಿಂತವರೆಲ್ಲ ಹೇಳುತ್ತಾರೆ, ಪತಂಗದ ರೆಕ್ಕೆಯಲ್ಲಿ ಹೆಸರಿರುತ್ತದೆ. ಬಾಯಿಬಿಟ್ಟು ಓದಿದರೆ ಸಾಕು, ಅದು ಪುಸ್ತಕದ ತನ್ನ ಜಾಗಕ್ಕೆ ಮರಳುತ್ತದೆ, ನಿನ್ನದು ಅಳಿಸಿಹೋಗುತ್ತದೆ.”

ತೆಕ್ಲಮ್ಮ ಓಡಿದಳು. ಗವಿಯ ಬಂಡೆ ಅವಳನ್ನು ತಡೆಯಲಿಲ್ಲ. ಮಾಂತ್ರಿಕನಿಗೆ ಅವಳು ಕಾಣಲೂ ಇಲ್ಲ, ಅವಳನ್ನು ಕಾಣದಂತೆ ಮಾಡಿದ್ದು ಅವನ ಮಾಯೆಯೇ ಅಲ್ಲವೇ. ಪಂಜರದ ತುಂಬ ಸಾವಿರ ಪತಂಗ. ಅವಳು ರೆಕ್ಕೆಗಳನ್ನು ಒಂದೊಂದಾಗಿ ಓದಿದಳು. “ಶೌರಪ್ಪ. ಜ್ಞಾನಮ್ಮ. ಕುರುಡ ರಾಯಪ್ಪ.” ಓದಿದ ಪತಂಗ ಹಾರಿತು, ಹಾರಿದಂತೆಲ್ಲ ಮಾಂತ್ರಿಕ ಕುಗ್ಗಿದ.

“ಯಾರದು ಓದುತ್ತಿರುವುದು?” ಎಂದು, ಹೆಸರಿನ ಸದ್ದು ಮಾತ್ರ ಕೇಳಿಸುತ್ತಿದ್ದ ಮಾಂತ್ರಿಕ ಗಾಳಿಗೆ ಕೈ ಬೀಸಿದ.

“ಯಾರೂ ಕಲಿಸದೆ ಕಲಿತವಳು,” ಅಂದಳು.

ಕೊನೆಗೆ ಉಳಿದದ್ದು ಒಂದೇ ಪತಂಗ. ಮೊದಲ ಸಲ ಬಾಯಿ ತೆರೆದಳು, ಬರೀ ಕೆಮ್ಮು ಬಂತು. ಎರಡನೆಯ ಸಲ ತೆರೆದಳು, “ಆ ಗಿಡ್ಡಿ,” ಎಂದಳು. ಪತಂಗ ಅಲ್ಲಾಡಲಿಲ್ಲ. ಬೆಟ್ಟದ ಕೆಳಗೆ ಗಂಟೆ ಶುರುವಾಯಿತು. ಮೂರನೆಯ ಸಲ ಕಣ್ಣು ಮುಚ್ಚಿ ಪೂರ್ತಿ ಹೇಳಿದಳು, “ಅಗ್ನೇಸಮ್ಮ. ನನ್ನ ಮನೆಯ ಮೊದಲನೆಯವಳು.”

ಪತಂಗ ಹಾರಿತು. ಮಾಂತ್ರಿಕನಿದ್ದ ಜಾಗದಲ್ಲಿ ಒಂದು ಚಿಟಿಕೆ ಬೂದಿ ಉಳಿಯಿತು.

ಗುರುಗಳು ಓದಿದರು, “ಅಗ್ನೇಸಮ್ಮನ ಆತ್ಮಕ್ಕಾಗಿ.” ಅಗ್ನೇಸಮ್ಮ ಕೊನೆಯ ಹೆಜ್ಜೆ ಇಟ್ಟಳು. ಬೆಟ್ಟ ಇಳಿಯುತ್ತಿದ್ದ ತೆಕ್ಲಮ್ಮನ ಮುಂದೆ ಉದ್ದನೆಯ ನೆರಳು ಬಿತ್ತು.

ಅಂದಿನಿಂದ ತೋಪಿನ ಮೇಣ ದತ್ತಿಯಿಲ್ಲದ ಬಡವರ ಹೆಸರಿಗೆ ಉರಿಯಿತು. ಸಾವಿರ ಜನ ಸೇತುವೆ ದಾಟಿದರು. ಬದುಕಿದ್ದವರು ಚೆನ್ನಾಗಿ ಉಂಡರು.

ತೆಕ್ಲಮ್ಮನ ಹೆಸರು ಇಗರ್ಜಿಯಲ್ಲಿ ಮತ್ತೆ ಕೇಳಲಿಲ್ಲ. ಮನೆಯ ಅಂಗಳದಲ್ಲಿ ಮಾತ್ರ ದಿನವೂ ಕೇಳುತ್ತಿತ್ತು. “ತೆಕ್ಲಾ, ಗಂಜಿ ಆಯಿತೇನೇ?”

ಅವಳು ಬೇಕೆಂದೇ ಸುಮ್ಮನಿರುತ್ತಿದ್ದಳು, ಅವನು ಇನ್ನೊಂದು ಸಲ ಕರೆಯಲಿ ಎಂದು.