ಎರಡನೇ ಬ್ರೇಕ್ ಪ್ಯಾಡ್

ಪರೀಕ್ಷಕಿಯ ಮೇಜಿನ ಮೇಲೆ ಎರಡು ಬ್ರೇಕ್ ಪ್ಯಾಡ್‌ಗಳಿದ್ದವು. ಒಂದು ಅವಳು ತನ್ನ ಶೆಡ್ಡಿನಲ್ಲಿ ಮಾಡಿ ಪರೀಕ್ಷೆಗೆ ತಂದುಕೊಟ್ಟದ್ದು. ಇನ್ನೊಂದು?

"ಇದು ನಿನ್ನೆ ಬಂತು," ಎಂದರು ಸಾರಿಗೆ ಕಚೇರಿಯ ಆ ಪರೀಕ್ಷಕಿ. "ಪಕ್ಕದ ಊರಿನ ಕಾರ್ಖಾನೆಯದು. ಮುಖ್ಯವಾಗಿ ಹುರಿದ ತೆಂಗಿನ ಚಿಪ್ಪಿನ ಪುಡಿ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಅಂಟಿಗೆ ರಾಳ. ನಿಮ್ಮದೂ ಅದೇ ಅಲ್ವಾ?"

ಚಿಪ್ಪನ್ನು ಹುರಿದು ಅರೆದರೆ ಮಾತ್ರ ಪ್ಯಾಡ್ ಬಿರುಕು ಬಿಡುವುದಿಲ್ಲ ಎಂದು ಕಂಡುಕೊಳ್ಳುವಷ್ಟರಲ್ಲಿ ಅವಳು ಪಟ್ಟದ್ದು ನಾಯಿಪಾಡು.

"ಕದ್ದಿದ್ದಾರೆ ಮೇಡಂ! ಅದು ನಂದು!"

"ನೀವೇ ಕದ್ದಿದ್ದು ಅಂತ ಅವರು ಹೇಳ್ತಿದ್ದಾರೆ. ಸಂಜೆಯೊಳಗೆ ವರದಿ ಕೊಡಬೇಕು ನಾನು. ಯಾರದು ಅಸಲು ಅಂತ ತಿಳೀದಿದ್ರೆ ಎರಡನ್ನೂ ಬಸ್ಸಿಗೆ ಹಾಕೋಕೆ ಬಿಡಲ್ಲ. ನಿಮ್ಮ ಗುಟ್ಟು ಯಾರಿಗೆಲ್ಲ ಗೊತ್ತು?"

"ಮೂರೇ ಜನಕ್ಕೆ. ನನ್ನ ಗಂಡ, ಪುಡಿ ಮಾಡೋ ಗಿರಣಿ, ನಮ್ಮಪ್ಪ."

"ನಡೀರಿ, ನೋಡೋಣ."

ಅವಳ ಶೆಡ್ಡಿನಲ್ಲಿ ಚಿಪ್ಪು ಅರೆಯುವವನಿಗೆ ಗಿರಣಿ ಎಂಬುದು ಅಡ್ಡಹೆಸರು. ಯಂತ್ರ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ.

"ಇಲ್ಲಿ ಏನೇನು ಅರೀತೀಯಪ್ಪಾ?"

"ಚಿಪ್ಪು ಮೇಡಂ. ಆಮೇಲೆ ದಿಂಡು. ಬಿಡುವಿದ್ದಾಗ ಇವರೆಲ್ಲರ ತಲೆ!"

ಯಾರೂ ನಗಲಿಲ್ಲ. ಅವನೂ ಬಾಯಿ ಮುಚ್ಚಿದ. ಅದೇ ಒಂದು ಆಶ್ಚರ್ಯ.

ಗಂಡ ಒತ್ತುಯಂತ್ರದ ಮುಂದೆ ನಿಂತಿದ್ದ. "ಎಲ್ಲ ಕಲಸೋನೂ ನಾನೇ, ಬಿಸಿ ಅಚ್ಚಿನಲ್ಲಿ ಒತ್ತೋನೂ ನಾನೇ. ಕೇಳಿ, ಏನು ಬೇಕು?"

ಪರೀಕ್ಷಕಿ ಬಾಯಿ ತೆರೆಯುವ ಮೊದಲೇ ಅವಳು ಕೇಳಿಬಿಟ್ಟಳು— "ಹೋದ ತಿಂಗಳು ಆ ಊರಿಗೆ ಯಾಕ್ರೀ ಹೋಗಿದ್ರಿ?"

"ಅಚ್ಚಿಗೆ ತಿರುಪು ತರೋಕೆ. ನೀನೇ ಕಳಿಸಿದ್ದು." ಅವನು ಅವಳನ್ನೇ ನೋಡಿದ. "ನನ್ನ ಮೇಲೇ ಅನುಮಾನವಾ?"

"ಇನ್ಯಾರ ಮೇಲೆ ಪಡ್ಲಿ, ಹೇಳಿ?"

ಅವನು ಕೈ ಒರೆಸಿಕೊಂಡು ಯಂತ್ರದ ಆಚೆ ಬದಿಗೆ ಹೋದ.

ಅಪ್ಪ ಬಾಗಿಲ ಮೆಟ್ಟಿಲ ಬಿಸಿಲಿನಲ್ಲಿ ಗೋಣಿಚೀಲ ಹಾಸಿಕೊಂಡು ಏನನ್ನೋ ಮಗುಚುತ್ತ ಕೂತಿದ್ದ. ಒಂದು ಕಾಲದಲ್ಲಿ ಬಸ್ಸು ರಿಪೇರಿಯಲ್ಲಿ ಎತ್ತಿದ ಕೈ. ಮಗಳು ಕೆಲಸ ಶುರುಮಾಡಿದ ದಿನದಿಂದ ಅಲ್ಲೇ ಬೀಡು.

"ಇದೇನು ಯಜಮಾನರೇ?"

"ಕಿತ್ತಳೆ ಸಿಪ್ಪೆ. ಇದಿಲ್ಲದೆ ನಮ್ಮ ಪ್ಯಾಡೇ ಇಲ್ಲ! ಚಿಪ್ಪು, ದಿಂಡು ಎಲ್ಲ ಮಗಳದು, ಇದೊಂದು ಮಾತ್ರ ನಂದು. ಒಣಗಿಸಿ ಕೊಟ್ರೆ ಅವಳೇ ಅರೆದು ಸೇರಿಸ್ತಾಳೆ, ಬೇರೆಯವರ ಕೈಗೆ ಕೊಡಲ್ಲ." ಅಪ್ಪನ ದನಿ ಏರಿತು. "ಆ ಕಳ್ಳ ಸಿಗಲಿ ಮೇಡಂ, ಕೈಕಾಲು ಮುರೀತೀನಿ. ನನ್ನ ಮಗಳ ಬೆವರು ಅದು."

ಅವಳು ಮುಖ ತಿರುಗಿಸಿದಳು. ಪರೀಕ್ಷಕಿ ಅದನ್ನು ನೋಡಿದರು.

ಒಳಗೆ ಬಂದು ಗರಗಸ ಕೇಳಿ, ತಾವು ತಂದಿದ್ದ ಎರಡೂ ಪ್ಯಾಡ್‌ಗಳನ್ನು ಕೊಯ್ದರು. ಎಲ್ಲರನ್ನೂ ಕರೆದು, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟರು.

"ಅವರದನ್ನ ನೋಡಿ. ಕಂದು ಬಣ್ಣದ ತೆಳುವಾದ ಚೂರು ಕಾಣ್ತಾ? ಮೈತುಂಬ ಸೂಜಿ ಚುಚ್ಚಿದಂಥ ಗುಳಿ. ಯಾವುದರ ಮೈ ಹಾಗಿರುತ್ತೆ?"

ಅವಳು ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದಳು. "ಕಿತ್ತಳೆ..."

"ನಿಮ್ಮದರಲ್ಲಿ ಹುಡುಕಿದರೂ ಒಂದು ಚೂರಿಲ್ಲ. ಯಾಕೆ?"

"ನಾನು ಹಾಕಿಲ್ಲ." ಅವಳು ಕನ್ನಡಿ ಕೆಳಗಿಟ್ಟಳು. "ಬ್ರೇಕ್ ಕಾದಾಗ ಸಿಪ್ಪೆ ಕರಕಲಾಗುತ್ತೆ, ಹಿಡಿತ ತಪ್ಪುತ್ತೆ. ಬೇಡ ಅಂದ್ರೆ ಅಪ್ಪ ನೊಂದ್ಕೋತಾರೆ ಅಂತ ಇಸ್ಕೊಂಡು ಗೊಬ್ಬರದ ಗುಂಡಿಗೆ ಸುರೀತಿದ್ದೆ."

"ಅಷ್ಟೇ ನೋಡಿ. ಅರೆಯೋನು ಹೇಳಿದ್ರೆ ಚಿಪ್ಪು, ದಿಂಡು ಅಷ್ಟೇ ಹೇಳ್ತಿದ್ದ, ಸಿಪ್ಪೆ ಅವನ ಕೈಗೇ ಬಂದಿಲ್ಲ. ಅದು ಸೇರಿಲ್ಲ ಅಂತ ಕಲಸೋನಿಗೂ ಗೊತ್ತು. ಇದೆ ಅಂತ ನಂಬಿದವರು ಈ ಲೋಕದಲ್ಲಿ ಒಬ್ಬರೇ. ಅವರು ಹೇಳಿಕೊಟ್ಟಿದ್ದನ್ನ ಆ ಕಾರ್ಖಾನೆಯವರು ಚಾಚೂ ತಪ್ಪದೆ ಮಾಡಿದ್ದಾರೆ. ಅಲ್ವಾ ಯಜಮಾನರೇ?"

ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ದುಡ್ಡು ಮುಟ್ಟಲಿಲ್ಲ ಕಣೇ," ಎಂದ ಕೊನೆಗೆ. "ಆ ಕಾರ್ಖಾನೆಯವನು ನನ್ನನ್ನ 'ಗುರುಗಳೇ' ಅಂದ. ಕಾರಲ್ಲಿ ಕರ್ಕೊಂಡು ಹೋಗಿ ಎಲ್ಲರ ಮುಂದೆ ಕೂರಿಸಿ, ನಾನು ಹೇಳಿದ್ದೆಲ್ಲ ಕೇಳಿದ. ಇಲ್ಲಿ ಬಾಯಿ ತೆಗೆದ್ರೆ 'ಅಪ್ಪ, ನೀನು ಸುಮ್ನೆ ಕೂತ್ಕೋ' ಅಂತೀಯ."

"ಅದಕ್ಕೆ? ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟೆಯಾ ಅಪ್ಪ? ಬೆಳಿಗ್ಗೆಯಿಂದ ಇವರನ್ನ ಅನುಮಾನಿಸ್ತಿದ್ದೆ ನಾನು, ನೀನು ನೋಡ್ತಾ ಕೂತಿದ್ದೆ!"

ಅಪ್ಪ ಮೆಟ್ಟಿಲ ಮೇಲಿನ ಗೋಣಿಚೀಲದ ಕಡೆ ನೋಡಿದ. "ನನ್ನ ಸಿಪ್ಪೆ... ಒಂದು ದಿನಾನೂ ಹಾಕ್ಲಿಲ್ವಾ?"

"ಇಲ್ಲ."

ಮುದುಕ ಹೊಸ್ತಿಲ ಮೇಲೆ ಕೂತುಬಿಟ್ಟ. ಹಿಡಿದೆಬ್ಬಿಸಲು ಅವಳ ಕೈ ಮುಂದಾಯಿತು, ಆದರೆ ಮನಸ್ಸು ಬರಲಿಲ್ಲ. ಗಂಡನ ಕಡೆ ತಿರುಗಿದಳು. "ಏನ್ರೀ, ತಪ್ಪಾಯ್ತು."

"ಆಮೇಲೆ ನೋಡೋಣ," ಎಂದ ಅವನು, ನೆಲ ನೋಡುತ್ತ.

ಪರೀಕ್ಷಕಿ ಪೆನ್ನು ತೆಗೆದರು. "ಕಳ್ಳತನ ಆ ಕಾರ್ಖಾನೆಯವರದೇ ಅಂತ ಸಾಬೀತಾಗಬೇಕಾದ್ರೆ ಗುಟ್ಟು ಕೊಟ್ಟವರು ಯಾರು ಅಂತ ಬರೀಲೇಬೇಕು. ಬರೀಲಾ?"

ಅವಳು ಅಪ್ಪನ ಕಡೆ ಒಮ್ಮೆ ನೋಡಿದಳು.

"ಬರೀರಿ."

"ನಿಮ್ಮ ತಂದೆ ಅಂತಲೂ?"

"ಅದನ್ನೇ ಮೊದಲು ಬರೀರಿ ಮೇಡಂ," ಎಂದಳು ಅವಳು. "ಅಪ್ಪ ಅಂತ ತಿಳೀದಿದ್ರೆ ಇಷ್ಟು ದೊಡ್ಡ ಗುಟ್ಟನ್ನ ಒಬ್ಬರ ಹತ್ರ ಪೂರ್ತಿ ಯಾಕೆ ಹೇಳ್ಕೊಂಡೆ ಅಂತ ಓದಿದವರಿಗೆ ಅರ್ಥ ಆಗಲ್ಲ."