ಕಾಡು ಡೇಲಿಯಾ ಮಲಗಿದೆ

"ಕತ್ತರಿಸಿಬಿಟ್ಟಿದ್ದೀರಾ?! ಯಾರನ್ನ ಕೇಳಿ ಕತ್ತರಿಸಿದ್ರಿ?"

ನರ್ಸರಿಯ ಗೇಟಿನಲ್ಲೇ ನಿಂತು ಪುಟ್ಟಿ ಕೂಗಿದ ಕೂಗಿಗೆ, ಸಸಿಗಳಿಗೆ ಮಣ್ಣು ತುಂಬುತ್ತಿದ್ದವನು ಬೆಚ್ಚಿ ಎದ್ದು ನಿಂತ.

ಬಟ್ಟೆ ಹೊಲಿದು ಮನೆ ನಡೆಸುವ ಅವಳನ್ನು ಅಮ್ಮ ಕರೆಯುತ್ತಿದ್ದದ್ದು ಪುಟ್ಟಿ ಎಂದೇ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ, ಅಮ್ಮ ಬೆಳೆಸಿದ ಕಾಡು ಡೇಲಿಯಾದ ಕುಂಡವನ್ನು ಚಿಕ್ಕಮ್ಮ ಇಲ್ಲಿ ಬಿಟ್ಟುಹೋಗಿದ್ದಳು. ಒಂದೇ ಸುತ್ತು ಎಸಳು, ತೆಳು ನೇರಳೆ ಬಣ್ಣ, ಕಡ್ಡಿಯಂಥ ಕಾಂಡ.

"ಇದೂ ಒಂದು ಡೇಲಿಯಾನಾ? ಊಟ ಕಾಣದವರ ಥರ ಇದೆ!" ಎಂದು ಚಿಕ್ಕಮ್ಮ ಆಡಿಕೊಂಡರೆ, "ಕಾಡಿನದು ಕಣೇ, ಅದಕ್ಕೆ ಶೋಕಿ ಗೊತ್ತಿಲ್ಲ" ಎನ್ನುತ್ತಿದ್ದಳು ಅಮ್ಮ.

ಈಗ ಕುಂಡದಲ್ಲಿ ಗೇಣುದ್ದದ ಒಣ ಮೋಟು ಮಾತ್ರ!

"ಗಾಬರಿ ಆಗ್ಬೇಡಿ... ಎಲೆ ಒಣಗಿದ ಮೇಲೆ ಕತ್ತರಿಸ್ತೀವಿ. ಗೆಡ್ಡೆ ಮಣ್ಣೊಳಗೆ ಮಲಗಿದೆ, ಅಷ್ಟೇ."

ಮಲಗಿದೆ!

ಆ ಒಂದು ಮಾತು ಸಾಕಾಯಿತು. "ಅಮ್ಮ ಮಲಗಿದ್ದಾರೆ, ನೀವು ಹೊರಗಿರಿ" ಎಂದು ನರ್ಸ್ ಹೇಳಿದ್ದನ್ನು ನಂಬಿ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬಿಟ್ಟಾಗ ಅಮ್ಮನ ಕೈ ತಣ್ಣಗಾಗಿತ್ತು. ಅಂದಿನಿಂದ ಬಂದವರೆಲ್ಲರದೂ ಅದೇ ಮಾತು... ನೆಮ್ಮದಿಯಾಗಿ ಮಲಗಿಬಿಟ್ಟಳು ನಿಮ್ಮಮ್ಮ.

"ಸುಳ್ಳು ಹೇಳೋಕೆ ನಿಮಗೆಲ್ಲ ಒಂದೇ ಮಾತು ಸಿಗೋದಾ?"

ಕುಂಡ ಎತ್ತಿಕೊಂಡು ಹೊರಟೇಬಿಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದ, ಅವಳ ಕಣ್ಣೀರು ಕಂಡು ಸುಮ್ಮನಾದ. ಹೇಳಬೇಕಿತ್ತು ಕಣಪ್ಪಾ, ಹೇಳಬೇಕಿತ್ತು!

ದಿನಾ ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂರುವ ಮೊದಲು ಪುಟ್ಟಿ ಕುಂಡಕ್ಕೆ ಚೊಂಬು ತುಂಬ ನೀರು ಹಾಕಿದಳು. ಅಮ್ಮನಿಗೆ ಕೊನೆಯಲ್ಲಿ ಒಂದು ಗುಟುಕು ಕುಡಿಸಲಾಗಲಿಲ್ಲವಲ್ಲ ಎಂಬ ಸಂಕಟವನ್ನೆಲ್ಲ ಅಲ್ಲಿ ಸುರಿದಳು.

ಅವನು ನಾಲ್ಕಾರು ಸಲ ಮನೆ ಬಾಗಿಲಿಗೂ ಬಂದ. "ಗಿಡ ಹೇಗಿದೆ ಅಂತ..."

"ಚೆನ್ನಾಗಿದೆ!" ಪ್ರತಿ ಸಲವೂ ಬಾಗಿಲು ದಢಾರನೆ ಮುಚ್ಚಿತು.

ಆದರೂ ಸೂಜಿಗೆ ದಾರ ಪೋಣಿಸುವಾಗ ಅವನ ಪೆಚ್ಚು ಮುಖವೇ ಕಣ್ಣೆದುರು. ಯಾಕೆ ಬರ್ತಾನೆ? ಬರದಿದ್ರೆ ನಾನ್ಯಾಕೆ ಬೀದಿ ನೋಡ್ತೀನಿ? ತನ್ನ ಮೇಲೇ ಅವಳಿಗೆ ಸಿಟ್ಟು ಬರುತ್ತಿತ್ತು.

ಬೇಸಿಗೆಯ ಬಿಸಿಲು ಏರಿತು. ಅಕ್ಕಪಕ್ಕದವರ ಡೇಲಿಯಾಗಳು ಚಿಗುರಿದವು. ಇದು ಚಿಗುರಲಿಲ್ಲ. ಒಂದು ಮಧ್ಯಾಹ್ನ ಮಣ್ಣಿನಿಂದ ಕೊಳೆತ ವಾಸನೆ ಬಂತು. ಕುಂಡ ಅಪ್ಪಿಕೊಂಡು ನರ್ಸರಿಗೆ ಓಡಿದಳು.

ಅವನು ಮಣ್ಣು ಬಿಡಿಸಿದ. ಗೆಡ್ಡೆಗಳು ಬೆರಳ ನಡುವೆಯೇ ಕರಗಿದವು. ಕೊನೆಗೆ ಒಂದು ಗಟ್ಟಿ ಗೆಡ್ಡೆ ಸಿಕ್ಕಿತು!

"ಇದು ಬದುಕುತ್ತೆ ಅಲ್ವಾ? ಮಲಗಿದೆ ಅಲ್ವಾ? ಹೇಳ್ರೀ... ಮಲಗಿದೆ ಅಂತ ಹೇಳಿ!"

ಅವನು ಗೆಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿಂದ ಸವರಿ ನೋಡಿದ. ಚಿಗುರೊಡೆಯುವ ಕಣ್ಣು ಇರುವುದು ಅಲ್ಲೇ. ಅದು ಕೊಳೆತುಹೋಗಿತ್ತು. ಹೂಂ ಎಂದುಬಿಡುವುದು ಎಷ್ಟು ಸುಲಭವಿತ್ತು!

"ಇಲ್ಲ. ಕಣ್ಣು ಹೋಗಿದೆ. ಮುಟ್ಟೋಕೆ ಗಟ್ಟಿ ಇದ್ರೂ ಚಿಗುರಲ್ಲ. ಸತ್ತುಹೋಗಿದೆ." ಅವನು ಗೆಡ್ಡೆ ಕೆಳಗಿಟ್ಟ. "ಚಿಗುರೋವರೆಗೂ ನೀರು ಹಾಕಬಾರದಿತ್ತು. ಅವತ್ತೇ ನಾನು ಹೇಳಬೇಕಿತ್ತು. ನಿಮ್ಮನೆಗೆ ಬಂದಿದ್ದೂ ಅದಕ್ಕೇ... ಅದಕ್ಕಷ್ಟೇ ಅಲ್ಲ."

ಸತ್ತುಹೋಗಿದೆ. ಇಷ್ಟು ದಿನ ಯಾರೂ ಅವಳೆದುರು ಆಡದ ಮಾತು!

"ಅಮ್ಮ ಸತ್ತುಹೋದಳು," ಎಂದಳು ಪುಟ್ಟಿ, ಮೊದಲ ಸಲ.

ಗೊಬ್ಬರದ ಚೀಲದ ಮೇಲೆ ಕುಸಿದು ಕೂತು, ಮಣ್ಣು ಮೆತ್ತಿದ ಅವನ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅಳಬೇಡಿ ಎಂದು ಅವನು ಹೇಳಲಿಲ್ಲ. ಪಕ್ಕದಲ್ಲಿ ಕೂತ.

ಬಹಳ ಹೊತ್ತಿನ ಮೇಲೆ ಕೇಳಿದಳು, "ಬೀಜದಿಂದ ಬರುತ್ತಾ?"

"ಬರುತ್ತೆ. ಕಾಡುಜಾತಿ ಬೀಜದಿಂದ ಸುಲಭವಾಗೇ ಬರುತ್ತೆ. ಆದ್ರೆ... ಅದು ಅಮ್ಮನ ಗಿಡ ಆಗಲ್ಲ."

"ಗೊತ್ತು." ಅವಳು ಕಣ್ಣೊರೆಸಿಕೊಂಡಳು. "ಅದಕ್ಕಷ್ಟೇ ಅಲ್ಲ ಅಂದ್ರಲ್ಲ... ಮತ್ಯಾಕೆ ಬರ್ತಿದ್ರಿ?"

ಅವನು ನೆಲ ನೋಡಿದ. "ನಿಮ್ಮನ್ನ ನೋಡೋಕೆ. ಬೈಸ್ಕೊಂಡು ವಾಪಸ್ ಬಂದ್ರೂ ಆ ದಿನ ಚೆನ್ನಾಗಿರ್ತಿತ್ತು."

ಅವಳಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ಅಳುವಾಯಿತು.

"ನಾಳೆ ಬನ್ನಿ. ಅಮ್ಮ ಹೇಗಿದ್ದಳು ಅಂತ ಹೇಳ್ತೀನಿ. ಮಧ್ಯೆ ಮಧ್ಯೆ ಅಳ್ತೀನಿ... ಆಗುತ್ತಾ?"

"ಆಗುತ್ತೆ. ಮುಗಿಯೋವರೆಗೂ ಕೂತಿರ್ತೀನಿ."

"ಮುಗಿಯಲ್ಲ ಅನ್ಸುತ್ತೆ ಕಣ್ರೀ..."

"ಹಾಗಾದ್ರೆ ಎದ್ದು ಹೋಗಲ್ಲ."