ಕಡಲದಂಡೆ ಸಂತೆಯ ಬೆಂಕಿ

ನವೆಂಬರ್ ಮೂರನೆಯ ತಾರೀಕು, ಬೆಳಿಗ್ಗೆ ಏಳೂವರೆ. ಠಾಣೆಯ ಜಗಲಿ ಇನ್ನೂ ಗುಡಿಸಿ ಮುಗಿದಿರಲಿಲ್ಲ. ಕಡಲದಂಡೆ ಸಂತೆಯ ವರ್ತಕರ ಸಂಘದ ಕಾರ್ಯದರ್ಶಿ, ಊರೆಲ್ಲ ಮಸಾಲೆ ಸಾಹುಕಾರ ಎಂದು ಕರೆಯುವ ಮನುಷ್ಯ, ಒಂದು ಗುಂಪನ್ನೇ ಬೆನ್ನಿಗೆ ಕಟ್ಟಿಕೊಂಡು ಒಳಗೆ ಬಂದ. ಅಂಗಿಯೆಲ್ಲ ಮಸಿಯಾಗಿತ್ತು. ಮೈಯಿಂದ ಸುಟ್ಟ ಮೆಣಸಿನಕಾಯಿಯ ಘಾಟು ಹೊಡೆಯುತ್ತಿತ್ತು. ದೂರು ಬರೆದುಕೊಳ್ಳಲು ಕೂತ ಕಾನ್‌ಸ್ಟೆಬಲ್ ಎರಡು ಸಲ ಸೀನಿ, ಮೂರನೆಯ ಸಲಕ್ಕೆ ಪೆನ್ನು ಕೆಳಗಿಟ್ಟು ಕಿಟಕಿ ತೆರೆದ.

ದೂರಿನ ಸಾರಾಂಶ ಇಷ್ಟು. ಅಂದು ಬೆಳಗಾಗುವ ಮುಂಚೆ ಸಂತೆಯಲ್ಲಿ ಬೆಂಕಿ ಎದ್ದಿದೆ. ಹಣ್ಣಿನಂಗಡಿ, ಅದರ ಎಡಕ್ಕಿದ್ದ ಕೊಡೆ ರಿಪೇರಿ ಅಂಗಡಿ ಎರಡೂ ಬೂದಿಯಾಗಿವೆ. ಬಲಕ್ಕಿದ್ದ ಸಾಹುಕಾರನ ಮಸಾಲೆ ಅಂಗಡಿಯಲ್ಲಿ ಅಂಚಿನ ಒಂದೆರಡು ಮೂಟೆ ಮಾತ್ರ ಸುಟ್ಟಿವೆ. ಬೆಂಕಿ ಆರಿಸಲು ಹೋದ ಕೊಡೆಯವನ ಎರಡು ಕೈಯೂ ಬೆಂದು, ಅವನು ಆಸ್ಪತ್ರೆಯಲ್ಲಿದ್ದಾನೆ.

“ಇದು ತಾನಾಗಿ ಹತ್ತಿದ ಬೆಂಕಿ ಅಲ್ಲ ಮೇಡಂ. ಸೀಮೆಎಣ್ಣೆ ವಾಸನೆ ಎಲ್ಲರಿಗೂ ಬಂದಿದೆ,” ಎಂದ ಸಾಹುಕಾರ, ಒಳಗಿನಿಂದ ಬಂದ ಇನ್‌ಸ್ಪೆಕ್ಟರಿಗೆ.

“ಯಾರ ಮೇಲೆ ಅನುಮಾನ?” ಎಂದು ಅವರು ಕೇಳಿದರು.

“ಇನ್ಯಾರು? ಎದುರುಗಡೆ ಹೋಟೆಲಿನವನು. ನಮ್ಮ ತಾಡಪಾಲುಗಳಿಂದ ಅವನ ರೂಮುಗಳಿಗೆ ಸಮುದ್ರ ಕಾಣಲ್ವಂತೆ.”

ಹಿಂದಿದ್ದ ಗುಂಪು ಗುರುಗುಟ್ಟಿತು. ಹೋಟೆಲಿನ ಗಾಜುಗಳಿಗೆ ಇವತ್ತು ಉಳಿಗಾಲವಿಲ್ಲ ಎಂಬುದು ಇನ್‌ಸ್ಪೆಕ್ಟರಿಗೆ ಅವರ ಮುಖ ನೋಡಿಯೇ ಗೊತ್ತಾಯಿತು. ಎಫ್‌ಐಆರ್ ದಾಖಲಿಸಲು ಹೇಳಿ, ಹೋಟೆಲಿನ ಬಾಗಿಲಿಗೆ ಇಬ್ಬರು ಪೇದೆಗಳನ್ನು ಕಳಿಸಿ, ದಫೇದಾರರನ್ನು ಕರೆದುಕೊಂಡು ಅವರು ಸಂತೆಗೆ ನಡೆದರು.

ಹೋದ ವರ್ಷ ವರ್ಗವಾಗಿ ಬಂದಾಗ ಆ ಊರಿನಲ್ಲಿ ಅವರಿಗೆ ಮೊದಲು ಪರಿಚಯವಾದದ್ದೇ ಈ ಸಂತೆ. ಆಗ ಮಳೆಗಾಲ. ಅರ್ಧಕ್ಕರ್ಧ ಅಂಗಡಿ ಮುಚ್ಚಿದ್ದವು, ಉಳಿದವರ ತಾಡಪಾಲಿನಿಂದ ನೀರು ಕೊರಳಿಗೇ ಇಳಿಯುತ್ತಿತ್ತು. ಕೊಳ್ಳಲು ಬರುತ್ತಿದ್ದವರು ಊರಿನವರಷ್ಟೇ. ಕೊಡೆ ಹಿಡಿದುಕೊಂಡೇ ಅರ್ಧ ಗಂಟೆ ಹರಟುತ್ತಿದ್ದರು. ಚಳಿಗಾಲ ಬಂದಿದ್ದೇ ತಡ ಬಸ್ಸುಗಟ್ಟಲೆ ಪ್ರವಾಸಿಗರು ಬಂದರು, ಚೌಕಾಸಿಯ ದನಿ ಅಲೆಯ ಸದ್ದನ್ನೂ ಮೀರಿತು. ಬೇಸಿಗೆಯಲ್ಲಿ ಜನ ಬಿಸಿಲು ಇಳಿದ ಮೇಲೆ ಬಂದು ಕತ್ತಲಾಗುವವರೆಗೂ ಹಣ್ಣಿನ ಮುಂದೆ ಮುತ್ತುತ್ತಿದ್ದರು. ಇಷ್ಟು ಕಾಲದಲ್ಲೂ ಒಂದು ದಿನವೂ ಬಾಗಿಲು ಹಾಕದ ಅಂಗಡಿಯೆಂದರೆ ಹಣ್ಣಿನಕ್ಕನದು. ಎಷ್ಟೇ ಗದ್ದಲವಿರಲಿ, ಕೊಳೆತದ್ದೊಂದು ಕೈಗೆ ಬಂದರೆ ಅವಳೇ ಕಿತ್ತುಕೊಂಡು ಬುಟ್ಟಿಗೆಸೆದು, “ಇದು ನಿಮಗಲ್ಲ ಮೇಡಂ,” ಎನ್ನುತ್ತಿದ್ದಳು.

ಈಗ ಅವಳು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಿದ್ದಳು. ಬೆಂದ ಕಿತ್ತಳೆಗಳು ಕಾಲ ಬಳಿ ಉರುಳಿ ಬಂದಿದ್ದರೂ ಅವಳಿಗೆ ಅದರ ಪರಿವೆ ಇರಲಿಲ್ಲ. ಪಕ್ಕದಲ್ಲಿ ಅವಳ ಗಂಡ ನಿಂತಿದ್ದ. ಆಯುಷ್ಯವೆಲ್ಲ ಹಡಗಿನಲ್ಲಿ ಖಲಾಸಿಯಾಗಿ ದುಡಿದು, ಈ ವರ್ಷದ ಆರಂಭದಲ್ಲಿ ನಿವೃತ್ತನಾಗಿ ಬಂದವನು. ಹೆಂಡತಿಗೆ ನೀರು ಕುಡಿಸಲು ಲೋಟ ಹಿಡಿದಿದ್ದ. ಅವಳು ಕುಡಿಯುತ್ತಿರಲಿಲ್ಲ, ಅವನು ಲೋಟ ಇಳಿಸುತ್ತಿರಲಿಲ್ಲ.

ಪಂಚರನ್ನು ಕರೆಸಿ ಸ್ಥಳ ಪಂಚನಾಮೆ ಶುರುವಾಯಿತು. ಬೂದಿಯನ್ನು ಕೋಲಿನಿಂದ ಕೆದಕುತ್ತ ಹೋದ ದಫೇದಾರರಿಗೆ ಒಂದು ಬೀಗ ಸಿಕ್ಕಿತು. ಹಣ್ಣಿನಕ್ಕ ಸಾಮಾನು ಇಡುತ್ತಿದ್ದ ಮರದ ಪೆಟ್ಟಿಗೆಯ ಬೀಗ. ಅದು ಒಡೆದಿರಲಿಲ್ಲ, ತೆರೆದಿತ್ತು.

“ಬೀಗ ಹಾಕಿ ಹೋಗಿದ್ರಾ?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಹಾಕಿ ಎರಡು ಸಲ ಎಳೆದು ನೋಡಿದ್ದೆ.”

“ಪೆಟ್ಟಿಗೆಯಲ್ಲಿ ಏನಿತ್ತು?”

“ಗೋಣಿಚೀಲ, ಚಾಕು, ತಕ್ಕಡಿ. ನಮ್ಮಪ್ಪನ ಕಾಲದ ಕಬ್ಬಿಣದ ತಕ್ಕಡಿ.”

ಚಾಕು ಸಿಕ್ಕಿತು. ತಕ್ಕಡಿ ಸಿಗಲಿಲ್ಲ. ದಫೇದಾರರು ಮತ್ತೊಂದು ಸುತ್ತು ಕೆದಕಿದರು. ಕಬ್ಬಿಣ ಸುಟ್ಟು ಬೂದಿಯಾಗುವ ವಸ್ತುವಲ್ಲ. ಅಂದರೆ ಬೆಂಕಿಗೆ ಮುಂಚೆಯೇ ಯಾರೋ ಬೀಗದ ಕೈಯಿಂದ ಪೆಟ್ಟಿಗೆ ತೆರೆದು ಅದೊಂದನ್ನು ಎತ್ತಿಕೊಂಡಿದ್ದರು. ಬೀಗದ ಕೈ ಎಷ್ಟೆಂದು ಕೇಳಿದ್ದಕ್ಕೆ ಹಣ್ಣಿನಕ್ಕ ಸೊಂಟದಲ್ಲಿದ್ದದ್ದನ್ನು ಮುಟ್ಟಿ ತೋರಿಸಿ, ಇನ್ನೊಂದು ಮನೆಯ ಮೊಳೆಯಲ್ಲಿದೆ ಎಂದಳು.

ಎರಡನೆಯ ವಿಚಿತ್ರ ಮಸಾಲೆ ಅಂಗಡಿಯ ಕಡೆ ಕಾಣಿಸಿತು. ಅದರ ತಾಡಪಾಲನ್ನು ಹಣ್ಣಿನಂಗಡಿಯ ಮಗ್ಗುಲಿನಿಂದ ಹಿಂದಕ್ಕೆ ಸರಿಸಿ, ನೀಟಾಗಿ ಮಡಿಚಿ, ದೀಪದ ಕಂಬಕ್ಕೆ ಕಟ್ಟಲಾಗಿತ್ತು. ಸಾಹುಕಾರ ಅದನ್ನು ಆಗಷ್ಟೇ ನೋಡಿದವನಂತೆ ಬಾಯಿ ತೆರೆದ. ತಾನು ಸಂಜೆ ಅದನ್ನು ಪೂರ್ತಿ ಇಳಿಸಿ ಕಟ್ಟಿದ್ದೆ ಎಂದ.

“ಈ ಗಂಟು ನಿಮ್ಮದೇನಾ?”

“ಅಲ್ಲ ಮೇಡಂ. ನಾನು ಗಂಟು ಹಾಕಿದ್ರೆ ನನ್ನಿಂದಲೇ ಬಿಚ್ಚೋಕಾಗಲ್ಲ. ಇದು ನೋಡಿ, ಎಳೆದ್ರೆ ಬಿಗಿಯಾಗುತ್ತೆ, ತುದಿ ತಳ್ಳಿದ್ರೆ ಬಿಚ್ಚಿಕೊಳ್ಳುತ್ತೆ.”

ಗಂಟಿನ ಫೋಟೊ ತೆಗೆಸಿದರು. ಬೆಂಕಿ ಇಟ್ಟವನಿಗೆ ಸುಡಬೇಕಿದ್ದದ್ದು ಒಂದೇ ಅಂಗಡಿ. ಗಾಳಿ ಯಾವ ಕಡೆ ಬೀಸುತ್ತದೆಂದು ಲೆಕ್ಕ ಹಾಕಿ, ಆ ಕಡೆಯದನ್ನು ಉಳಿಸಲು ನೋಡಿದ್ದಾನೆ. ಗಾಳಿ ತಿರುಗಿ ಕೊಡೆಯವನ ಅಂಗಡಿ ಹೊತ್ತಿಕೊಂಡಿದೆ. ಸಂತೆಯನ್ನೇ ಎಬ್ಬಿಸಬೇಕೆಂದವನು ಹೀಗೆ ಮಾಡುವುದಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.

ಆದರೂ ಹೋಟೆಲನ್ನು ಬಿಡುವಂತಿರಲಿಲ್ಲ. ಅಲ್ಲಿಯ ಕಾವಲುಗಾರನ ಕೈಯಲ್ಲಿ ಹಿಂದಿನ ಸಂಜೆ ಎಣ್ಣೆಯ ಡಬ್ಬಿ ನೋಡಿದವರಿದ್ದರು. ವಿಚಾರಿಸಿದಾಗ ಅದು ಜನರೇಟರಿನ ಡೀಸೆಲ್ ಎಂದು ಗೊತ್ತಾಯಿತು. ಬೆಂಕಿ ಹತ್ತಿದ ಹೊತ್ತಿನಲ್ಲಿ ಅವನು ಹೋಟೆಲಿನ ಅಡುಗೆಮನೆಗೆ ವ್ಯಾನಿನಿಂದ ಹಾಲು ಇಳಿಸುತ್ತಿದ್ದ. ವ್ಯಾನಿನವನೂ ಹಾಗೇ ಹೇಳಿದ. ಹೋಟೆಲಿನ ಯಜಮಾನ ಬೆವರು ಒರೆಸಿಕೊಳ್ಳುತ್ತ, ತನಗೆ ಸಂತೆಯ ಮೇಲೆ ಸಿಟ್ಟಿರುವುದು ನಿಜ, ಅದನ್ನು ಎಬ್ಬಿಸಿ ಎಂದು ನಗರಸಭೆಗೆ ಅರ್ಜಿಯನ್ನೂ ಕೊಟ್ಟಿದ್ದೇನೆ, ಆದರೆ ತನ್ನ ಅಡುಗೆಗೆ ತರಕಾರಿ ಬರುವುದೂ ಅಲ್ಲಿಂದಲೇ ಎಂದ.

ಮಧ್ಯಾಹ್ನದ ಹೊತ್ತಿಗೆ ನಗರಸಭೆಯಿಂದ ಇನ್ನೊಂದು ಸುದ್ದಿ ಬಂತು. ಪೊಲೀಸರ ವರದಿ ಬರುವವರೆಗೆ ಸಂತೆ ಬಂದ್. ಅಪಾಯವಿದೆ ಎಂದು ವರದಿಯಲ್ಲಿ ಬಂದರೆ ಊರಾಚೆಯ ಬಯಲಿಗೆ ಎತ್ತಂಗಡಿ. ಸೀಸನ್ ಶುರುವಾಗುವ ಹೊತ್ತಿಗೆ ಇಡೀ ಸಾಲು ಬೀದಿಗೆ ಬೀಳುವಂತಾಗಿತ್ತು.

ಕೊಡೆಯವನ ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ತಾವೇ ಆಸ್ಪತ್ರೆಗೆ ಹೋದರು. ಎರಡು ಕೈಗೂ ದಪ್ಪನೆಯ ಬ್ಯಾಂಡೇಜು. ಸಹಿ ಹಾಕಲು ಆಗುವುದಿಲ್ಲ, ಬೇಕಿದ್ದರೆ ಕಾಲಿನ ಹೆಬ್ಬೆರಳು ಒತ್ತುತ್ತೇನೆ ಎಂದು ನಕ್ಕ. ಬೆರಳುಗಳು ಮತ್ತೆ ಆಡುತ್ತವೆ, ಆದರೆ ತಿಂಗಳುಗಳು ಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಬೆಂಕಿ ಕಂಡು ತಾನು ಓಡಿಬಂದಾಗ ತನಗಿಂತ ಮುಂಚೆ ಒಬ್ಬರು ಅಲ್ಲಿದ್ದರು ಎಂದ.

“ಯಾರು?”

“ಹಣ್ಣಿನಕ್ಕನ ಯಜಮಾನರು. ಮರಳು ಎರಚ್ತಾ ಇದ್ರು. ನನ್ನನ್ನ ಬೆಂಕಿಯಿಂದ ಎಳೆದು ಹಾಕಿದ್ದೂ ಅವರೇ. ಪುಣ್ಯಾತ್ಮ.”

“ಅಷ್ಟು ಹೊತ್ತಿಗೆ ಅವರು ಅಲ್ಲಿಗೆ ಯಾಕೆ ಬಂದಿದ್ರು?”

ಆ ಪ್ರಶ್ನೆ ಕೊಡೆಯವನ ತಲೆಗೆ ಬಂದಿರಲೇ ಇಲ್ಲ.

ಸಂಜೆ ನಾಲ್ಕಕ್ಕೆ ಜೀಪು ಹಣ್ಣಿನಕ್ಕನ ಮನೆಯ ಮುಂದೆ ನಿಂತಿತು. ಎರಡು ಕೋಣೆಯ ಮನೆ, ಕನ್ನಡಿಯಂತೆ ಒರೆಸಿಟ್ಟಿತ್ತು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಗೋಡೆಯಿಂದ ಗೋಡೆಗೆ ತಂತಿಯಂತೆ ಬಿಗಿದಿತ್ತು. ಇನ್‌ಸ್ಪೆಕ್ಟರ್ ಅದರ ಗಂಟಿನ ಬಳಿ ಹೋಗಿ ನಿಂತು, ಫೋನಿನಲ್ಲಿದ್ದ ಫೋಟೊ ತೆಗೆದು ಪಕ್ಕಕ್ಕೆ ಹಿಡಿದರು. ದಫೇದಾರರು ಹಗ್ಗದ ತುದಿ ತಳ್ಳಿದರು, ಅದೇ ಗಂಟು, ಬಿಚ್ಚಿಕೊಂಡಿತು.

ಖಲಾಸಿ ಬಾಗಿಲಲ್ಲಿ ನಿಂತಿದ್ದ. ಓಡಲಿಲ್ಲ, ಬೆವರಲೂ ಇಲ್ಲ.

“ತಕ್ಕಡಿ ಎಲ್ಲಿದೆ?” ಎಂದು ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

“ಮಂಚದ ಕೆಳಗೆ. ಅದನ್ನ ಸುಡೋಕೆ ಮನಸ್ಸು ಬರ್ಲಿಲ್ಲ.”

ಪಂಚರ ಸಮಕ್ಷಮ ತಕ್ಕಡಿಯನ್ನು, ಮೊಳೆಯಲ್ಲಿದ್ದ ಬೀಗದ ಕೈಯನ್ನು, ಸೀಮೆಎಣ್ಣೆಯ ಖಾಲಿ ಕ್ಯಾನನ್ನು ವಶಪಡಿಸಿಕೊಂಡು, ಅವನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು. ಒಂದು ಕುರ್ಚಿ ಕೊಟ್ಟು, ನೀರು ಕೊಟ್ಟು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು.

“ಮನೇಲಿ ಯಾರೂ ಇರ್ಲಿಲ್ಲ ಮೇಡಂ.”

“ಬೆಂಕಿ ಇಟ್ಟಾಗಲಾ?”

“ಅಲ್ಲ. ನಾನು ನಿವೃತ್ತಿಯಾಗಿ ಬಂದಾಗಿಂದ.”

ಆಮೇಲೆ ಅವನು ನಿಧಾನವಾಗಿ ಹೇಳುತ್ತ ಹೋದ. ಹಡಗಿನಲ್ಲಿದ್ದಷ್ಟು ಕಾಲವೂ ಮನೆಯೆಂದರೆ ಹೆಂಡತಿ ಕೂತಿರುವ ಒಂದು ಕೋಣೆ ಎಂದೇ ಅವನು ಕನಸು ಕಂಡಿದ್ದ. ಬಂದು ನೋಡಿದರೆ ಕೋಣೆ ಇತ್ತು, ಅವಳು ಇರಲಿಲ್ಲ. ಅವಳು ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲಾದ ಮೇಲೆ ಬಂದು, ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಒಣಗಿದ ಬಟ್ಟೆಯನ್ನೇ ಮತ್ತೆ ಒಗೆದು ಹೊತ್ತು ಕಳೆದ ದಿನಗಳಿದ್ದವು. ಅಂಗಡಿಯೊಂದು ಇಲ್ಲದಿದ್ದರೆ ಎಂದು ಹೊಳೆದದ್ದು ಬಿಡಲೇ ಇಲ್ಲ. ಬೆಂಕಿ ಇಟ್ಟ ಮರುಕ್ಷಣವೇ ಮರಳು ಎರಚಿ ಆರಿಸಲು ನೋಡಿದ. ಅಷ್ಟರಲ್ಲಿ ಗಾಳಿ ಮೋಸ ಮಾಡಿತು.

“ಕೊಡೆಯವನ ಕೈ ನೋಡಿದ ಮೇಲೆ ನಾನೇ ಬಂದು ಹೇಳ್ಬೇಕಿತ್ತು,” ಎಂದು ಅವನು ತಲೆ ತಗ್ಗಿಸಿದ. “ಧೈರ್ಯ ಸಾಲ್ಲಿಲ್ಲ.”

ಹಣ್ಣಿನಕ್ಕ ಠಾಣೆಗೆ ಬಂದಾಗ ಗುಂಪು ಅವಳ ಹಿಂದೆಯೇ ಇತ್ತು. ಇನ್‌ಸ್ಪೆಕ್ಟರ್ ಅವರನ್ನೆಲ್ಲ ಹೊರಗೆ ನಿಲ್ಲಿಸಿ ಅವಳೊಬ್ಬಳನ್ನೇ ಒಳಗೆ ಬಿಟ್ಟರು. ಅವಳು ಗಂಡನ ಎದುರು ಹೋಗಿ ನಿಂತಳು.

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳಿದ್ದೆ. ಬೇಸಿಗೇಲಿ ಅಂಗಡಿ ಬಿಡು ಅಂತ ಹೇಳಿದ್ರೆ ನೀನು ಪ್ರವಾಸಿಗರು ಹೋಗ್ಲಿ ಅಂದೆ. ಮಳೆಗಾಲದಲ್ಲಿ ಹೇಳಿದ್ರೆ ಈಗ ಬಿಟ್ರೆ ಊರಿನ ಗಿರಾಕಿ ಕೈತಪ್ಪುತ್ತೆ ಅಂದೆ. ಮಳೆ ನಿಂತ ಮೇಲೆ ಹೇಳಿದ್ರೆ ಸೀಸನ್ ಬಂತಲ್ಲ ಅಂದೆ. ಇನ್ನು ವರ್ಷದಲ್ಲಿ ಯಾವ ಕಾಲ ಉಳಿದಿತ್ತು?”

ಅವಳು ಬೆಂಚಿನ ಮೇಲೆ ಕೂತಳು. ಅವಳ ದನಿಯಲ್ಲಿ ಸಿಟ್ಟು ಇತ್ತು, ಆದರೆ ಸಿಟ್ಟೊಂದೇ ಇರಲಿಲ್ಲ.

“ನೀವು ಇಲ್ಲದಾಗ ಆ ಮನೇಲಿ ಒಬ್ಬಳೇ ಕೂತಿದ್ರೆ ನನಗೆ ಹುಚ್ಚು ಹಿಡೀತಿತ್ತು. ನಿಮ್ಮ ದಾರಿ ಕಾದಿದ್ದೆಲ್ಲ ಆ ಅಂಗಡೀಲಿ ಕೂತೇ. ಬಂದು ನನ್ನ ಪಕ್ಕ ಕೂರಬಹುದಿತ್ತಲ್ಲ?”

“ನೀನು ಕರೀಲಿಲ್ಲ.”

“ಕರೀಬೇಕು ಅಂತ ನನಗೆ ಹೊಳೀಲಿಲ್ಲ,” ಎಂದಳು ಅವಳು.

ದಫೇದಾರರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಇನ್‌ಸ್ಪೆಕ್ಟರ್ ಹೇಳಿಕೆಗೆ ಸಹಿ ಹಾಕಿಸಿಕೊಂಡರು. ಕನಿಕರ ಇತ್ತು, ಆದರೂ ಕಾನೂನಿನ ಕಲಮುಗಳಲ್ಲಿ ಒಂದನ್ನೂ ಅವರು ಬಿಡಲಿಲ್ಲ. ಒಬ್ಬ ಬಡಪಾಯಿಯ ಕೈ ಬೆಂದಿತ್ತು.

ನಗರಸಭೆಗೆ ಹೋದ ವರದಿಯಲ್ಲಿ ಅವರು ನೇರವಾಗಿ ಬರೆದರು. ಇದು ಒಬ್ಬ ವ್ಯಕ್ತಿಯ ಕೃತ್ಯ, ಸಂತೆಯ ದೋಷವಲ್ಲ. ಅಂಗಡಿಗಳ ನಡುವೆ ಅಂತರ ಬಿಡಿಸಿ, ಸಾಲಿನ ತುದಿಗಳಲ್ಲಿ ನೀರಿನ ನಲ್ಲಿ ಹಾಕಿಸಿದರೆ ಅಲ್ಲೇ ನಡೆಸಬಹುದು. ಎರಡು ವಾರದೊಳಗೆ ಸಂತೆ ತೆರೆಯಿತು. ಮಸಾಲೆ ಸಾಹುಕಾರ ಹೋಟೆಲಿಗೆ ಹೋಗಿ, ತಪ್ಪಾಯಿತು ಎನ್ನುವುದರ ಬದಲು, ಒಂದು ಪೊಟ್ಟಣ ಏಲಕ್ಕಿ ಮೇಜಿನ ಮೇಲಿಟ್ಟು ಬಂದ. ನಲ್ಲಿಗೆ ನೀರಿನ ಲೈನು ಹೋಟೆಲಿನಿಂದಲೇ ಬಂತು.

ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಖಲಾಸಿ ನ್ಯಾಯಾಧೀಶರ ಮುಂದೆಯೂ ತಪ್ಪು ಒಪ್ಪಿಕೊಂಡ. ತೀರ್ಪು ಬರುವವರೆಗೆ ಸಂತೆಯೊಳಗೆ ಕಾಲಿಡಬಾರದು ಎಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತು. ಹೊರಗೆ ಬಂದ ಮೊದಲ ದಿನವೇ ಅವನು ಕೊಡೆಯವನ ಮನೆಗೆ ಹೋದ. ಬಾಗಿಲು ತೆರೆಯಲಿಲ್ಲ. ಮರುದಿನವೂ ಹೋದ. ಒಂದು ವಾರ ಕಳೆದ ಮೇಲೆ ಕೊಡೆಯವನು ಬಾಗಿಲು ತೆರೆದು, ಬಂದವನು ಸುಮ್ಮನೆ ನಿಲ್ಲಬೇಡ, ನೀರು ಸೇದಿಕೊಡು ಎಂದನಂತೆ. ಅಂದಿನಿಂದ ಕೈ ಆಡುವವರೆಗೆ ಅವನ ಮನೆಯ ಮೇಲುಗೆಲಸವೆಲ್ಲ ಖಲಾಸಿಯದೇ ಆಯಿತು.

ಏಪ್ರಿಲ್ ತಿಂಗಳ ಒಂದು ಸಂಜೆ ಇನ್‌ಸ್ಪೆಕ್ಟರ್ ಹಣ್ಣು ಕೊಳ್ಳಲು ಹೋದರು. ಬಿಸಿಲು ಆಗಷ್ಟೇ ಇಳಿಯುತ್ತಿತ್ತು, ಪ್ರವಾಸಿಗರು ಸಾಲುಗಟ್ಟಿ ಬರುತ್ತಿದ್ದರು, ವ್ಯಾಪಾರ ಕುದುರುವ ಹೊತ್ತು. ಹೊಸ ಮೇಜಿನ ಮೇಲಿನ ರಾಶಿಗೆ ಹಣ್ಣಿನಕ್ಕ ಬಟ್ಟೆ ಹೊದಿಸುತ್ತಿದ್ದಳು. ಕಲ್ಲಂಗಡಿ ಕೇಳಿದ ಇಬ್ಬರನ್ನು ಪಕ್ಕದ ಅಂಗಡಿಗೆ ಸಾಗಹಾಕಿದಳು.

“ಇಷ್ಟು ಬೇಗ ಮುಚ್ತಾ ಇದ್ದೀರಾ?”

“ಅವರು ಇಲ್ಲಿಗೆ ಬರೋ ಹಾಗಿಲ್ವಲ್ಲ ಮೇಡಂ, ಕೋರ್ಟಿನ ಅಪ್ಪಣೆ. ಅದಕ್ಕೆ ನಾನೇ ಹೋಗ್ತೀನಿ.”

ಅವಳು ಮಾಗಿದ ಎರಡು ಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಜನರ ನಡುವೆ ದಾರಿ ಮಾಡಿಕೊಳ್ಳುತ್ತ ಹೊರಟಳು. ಸಂತೆಯ ಸಾಲು ಮುಗಿದ ಮೇಲೆ, ದಂಡೆಯ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದ. ಅವಳನ್ನು ಕಂಡಿದ್ದೇ ಎದ್ದು ನಿಂತು, ಪಕ್ಕದ ಮರಳನ್ನು ಕೈಯಿಂದ ಕೊಡವಿ ಜಾಗ ಮಾಡಿದ.